ಸೈಬರ್‌ಪಂಕ್ ಆಟ: ಹೋರಾಡದ ಪಾತ್ರಗಳಿಗೂ ಸ್ಥಾನ

ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ, ಮಾತು ಹಾಗೂ ದಾಳಗಳಿಂದ ಕಥೆ ಬೆಳೆಸುವ ಆಟಗಳಲ್ಲಿ ‘ಸೈಬರ್‌ಪಂಕ್’ ಪ್ರಸಿದ್ಧವಾದುದು. ಅಮೆರಿಕದ ಮೈಕ್ ಪಾಂಡ್‌ಸ್ಮಿತ್ ರೂಪಿಸಿದ ಇದು 1988ರಲ್ಲಿ ಪ್ರಕಟವಾಯಿತು. ದೈತ್ಯ ಕಂಪನಿಗಳ ಹಿಡಿತದಲ್ಲಿರುವ ಭವಿಷ್ಯದ ನಗರದಲ್ಲಿ ಬಂದೂಕುಧಾರಿಗಳೊಡನೆ ರಾಕ್ ಗಾಯಕ, ಪತ್ರಕರ್ತರ ಪಾತ್ರಗಳೂ ಇವೆ. ಕಥೆಯೆಲ್ಲ ಗುಂಡಿನ ಕಾಳಗವೇ ಆದರೆ ಇಂಥ ಪಾತ್ರ ಆಯ್ದುಕೊಂಡ ಆಟಗಾರ ಸಂಜೆಯಿಡೀ ಬರಿಯ ಪ್ರೇಕ್ಷಕ.

ಈ ತೊಡಕಿಗೆ ಉತ್ತರ ನಮ್ಮ ಗುಬ್ಬಿ ಕಂಪನಿಯ ರಂಗದಲ್ಲೇ ಇದೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ವಹಿಸುತ್ತಿದ್ದ ಕಳ್ಳ ರಾಜನೂ ಅಲ್ಲ, ವೀರನೂ ಅಲ್ಲ. ಪ್ರೇಕ್ಷಕರನ್ನು ನಗಿಸುತ್ತಲೇ ನಾಯಕಿಯನ್ನು ಒಯ್ಯುವವನು ಅವನೇ. ಅವನಿಲ್ಲದೆ ಕಥೆ ತಿರುಗದು. ಆಟದ ನಿರ್ವಾಹಕರೂ ಹಾಗೆಯೇ ಹೆಣೆಯಬೇಕು. ಕಂಪನಿಯ ಬಾಗಿಲಲ್ಲಿ ಜನ ಸೇರಿಸಿ ಕಾವಲುಗಾರರನ್ನು ಸೆಳೆಯುವುದು ಗಾಯಕನಿಂದಷ್ಟೇ ಸಾಧ್ಯವಾಗಲಿ. ಕದ್ದ ದಾಖಲೆಯನ್ನು ನಗರ ನಂಬುವಂತೆ ಮಾಡುವುದು ಪತ್ರಕರ್ತನ ಪಾಲಿಗಿರಲಿ.