ಅನುಚಿಂತನಾತ್ಮಕ ಮೇಲ್ವಿಚಾರಣೆ: ಶಿಕ್ಷಣ ಕ್ಷೇತ್ರ

ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ನೆರವಾಗುವ ಮೆಂಟರ್ ಹಾಗೂ ಕೋಚ್‌ಗಳು ನುರಿತ ಮೇಲ್ವಿಚಾರಕರೊಂದಿಗೆ ನಿಯತವಾಗಿ ಕುಳಿತು ತಮ್ಮ ಕೆಲಸವನ್ನೇ ಪರಾಮರ್ಶಿಸುವ ಪದ್ಧತಿ. ತಪಾಸಣೆಯಾಗಿ ಹುಟ್ಟಿದ ಮೇಲ್ವಿಚಾರಣೆ ಆತ್ಮಾವಲೋಕನದ ಕಡೆಗೆ ಹೊರಳಿದ್ದು ಇದರ ಇತಿಹಾಸದ ಸಾರ.

ಮೂಲ: 19ನೇ ಶತಮಾನದ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದ ದತ್ತಿ ಸಂಘಗಳಲ್ಲಿ, ಬಡವರ ಮನೆಗಳಿಗೆ ಹೋಗಿಬರುವ ಸ್ವಯಂಸೇವಕರ ಮೇಲ್ವಿಚಾರಣೆ ಸಂಬಳದ ಸಿಬ್ಬಂದಿಯ ಹೊಣೆಯಾಗಿತ್ತು. 1920ರಲ್ಲಿ ಬರ್ಲಿನ್‌ನಲ್ಲಿ ತೆರೆದ ಮನೋವಿಶ್ಲೇಷಣಾ ಚಿಕಿತ್ಸಾಲಯ ಮೇಲ್ವಿಚಾರಣೆಯನ್ನು ಮನೋವಿಶ್ಲೇಷಕರ ತರಬೇತಿಯ ಅಂಗವಾಗಿಸಿತು. 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮೈಕೆಲ್ ಬಾಲಿಂಟ್ ಕುಟುಂಬ ವೈದ್ಯರ ಗುಂಪುಗಳನ್ನು ನಡೆಸಿದರು. ಒಬ್ಬ ವೈದ್ಯ ತಾನು ಕಂಡ ರೋಗಿಯ ಬಗ್ಗೆ ಹೇಳುತ್ತಿದ್ದ. ಚರ್ಚೆ ಕಾಯಿಲೆಗಿಂತ ಹೆಚ್ಚಾಗಿ ವೈದ್ಯ–ರೋಗಿಯ ಸಂಬಂಧದ ಸುತ್ತ ನಡೆಯುತ್ತಿತ್ತು.

ಶಾಲೆಗೆ ಪ್ರವೇಶ: 1950ರ ದಶಕದ ಕೊನೆಯಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ಕೋಗನ್ ಮತ್ತು ಸಹೋದ್ಯೋಗಿಗಳು ತರಗತಿ ವೀಕ್ಷಣೆಗೆ ಹೊಸ ಕ್ರಮವೊಂದನ್ನು ರೂಪಿಸಿದರು. ರಾಬರ್ಟ್ ಗೋಲ್ಡ್‌ಹ್ಯಾಮರ್ 1969ರ ಗ್ರಂಥದಲ್ಲಿ ಅದನ್ನು ಐದು ಹಂತಗಳಲ್ಲಿ ವಿವರಿಸಿದರು: ಪೂರ್ವಭಾವಿ ಮಾತುಕತೆ, ಪಾಠ ವೀಕ್ಷಣೆ, ವಿಶ್ಲೇಷಣೆ, ಶಿಕ್ಷಕರೊಂದಿಗೆ ಚರ್ಚೆ, ಕೊನೆಯಲ್ಲಿ ಆ ಚರ್ಚೆಯನ್ನು ಮೇಲ್ವಿಚಾರಕ ನಡೆಸಿದ ರೀತಿಯ ವಿಮರ್ಶೆ. ಮಾರ್ಗದರ್ಶಕನ ನಡೆಯೂ ಪರಿಶೀಲನೆಗೆ ಒಳಪಡಬೇಕೆಂಬ ವಿಚಾರ ಈ ಐದನೇ ಹಂತದಲ್ಲೇ ಇದೆ.

ಸಿದ್ಧಾಂತ: ಡೊನಾಲ್ಡ್ ಶೋನ್ 1983ರಲ್ಲಿ, ವೃತ್ತಿನಿರತರು ಕೆಲಸ ಮಾಡುತ್ತಲೇ ಯೋಚಿಸುವ ಬಗೆಯನ್ನು ನಿರೂಪಿಸಿದರು. ಅದೇ ದಶಕದಲ್ಲಿ ಬ್ರಿಟನ್ನಿನ ಬ್ರಿಜಿಡ್ ಪ್ರಾಕ್ಟರ್ ಮೇಲ್ವಿಚಾರಣೆಗೆ ಮೂರು ಕಾರ್ಯಗಳನ್ನು ಗುರುತಿಸಿದರು: ವೃತ್ತಿಯ ಮಟ್ಟ ಕಾಯುವುದು, ಕೌಶಲ ಬೆಳೆಸುವುದು, ದಣಿದ ಮನಸ್ಸಿಗೆ ಚೇತರಿಕೆ ಕೊಡುವುದು. ಪೀಟರ್ ಹಾಕಿನ್ಸ್ ರೂಪಿಸಿದ ‘ಏಳು ಕಣ್ಣು’ಗಳ ಮಾದರಿ ಮೇಲ್ವಿಚಾರಕನನ್ನೂ ಸಂಸ್ಥೆಯ ಹಿನ್ನೆಲೆಯನ್ನೂ ಪರಿಶೀಲನೆಯೊಳಗೆ ತಂದಿತು.

ಪ್ರಸಾರ: ಬ್ರಿಟನ್ನಿನಲ್ಲಿ 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 86ರಷ್ಟು ಕೋಚ್‌ಗಳು ತಮಗೆ ನಿಯಮಿತ ಮೇಲ್ವಿಚಾರಣೆ ಬೇಕೆಂದಿದ್ದರು, ಅದನ್ನು ಪಡೆಯುತ್ತಿದ್ದವರು ಶೇ 44 ಮಾತ್ರ. ಇಂಗ್ಲೆಂಡಿನ ಶಿಶುಶಿಕ್ಷಣ ಕೇಂದ್ರಗಳಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವ ಸಿಬ್ಬಂದಿಗೆ ಮೇಲ್ವಿಚಾರಣೆ 2012ರಿಂದ ಕಡ್ಡಾಯ.

ಭಾರತ: 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದಡಿ ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಬಂದವು. ಕರ್ನಾಟಕದಲ್ಲಿ ಶಿಕ್ಷಕರಿಗೆ ಶೈಕ್ಷಣಿಕ ಬೆಂಬಲ ನೀಡುವ ಬ್ಲಾಕ್ ಮತ್ತು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳೇ (ಬಿಆರ್‌ಪಿ, ಸಿಆರ್‌ಪಿ) ಇಲಾಖೆಗೆ ಮಾಹಿತಿ, ವರದಿಗಳನ್ನೂ ಒದಗಿಸಬೇಕು. ವರದಿ ಬರೆಯುವವರ ಮುಂದೆ ಶಿಕ್ಷಕರು, ಮೇಲಧಿಕಾರಿಯ ಮುಂದೆ ಮಾರ್ಗದರ್ಶಕರು ತಮ್ಮ ತೊಡಕನ್ನು ಬಿಚ್ಚಿ ಹೇಳಲು ಹಿಂಜರಿಯುವುದು ಸಹಜ. ಆಡಳಿತದ ಅಧಿಕಾರವಿಲ್ಲದವರೇ ಈ ಮೇಲ್ವಿಚಾರಣೆ ನಡೆಸಬೇಕೆಂಬ ವಾದಕ್ಕೆ ಇದೇ ಆಧಾರ.