ಪೂರಣಕಾರರೂ ಅಪಹಾರಕರೂ

ಕಳೆದ ಮಾಘಮಾಸದ ಒಂದು ಸಂಜೆ ಗುಡಗೇರಿಯ ನಮ್ಮ ಮನೆಯಲ್ಲಿ, ಮಗಳ ಮಗನಾದ ಹದಿನೇಳು ವರ್ಷದ ಹುಡುಗನು ಊಟಕ್ಕೆ ಏಳದೆ ಮೋರೆ ಬಾಡಿಸಿಕೊಂಡು ಕುಳಿತಿದ್ದನು. ಕಾರಣವನ್ನು ಕೇಳಲಾಗಿ, "ಅಜ್ಜಾ, ನನ್ನ ಬಸ್ಸು ಕದ್ದಾರ" ಎಂದನು. ಮನೆಯಲ್ಲಿ ಒಂದು ಸೈಕಲ್ಲಿನ ಹೊರತು ಬೇರೆ ವಾಹನವಿಲ್ಲದಿರುವದರಿಂದ ನಮಗೆ ಮೊದಲು ಏನೂ ತಿಳಿಯಲಿಲ್ಲ. ಅವನು ತನ್ನ ಮೊಬೈಲನ್ನು ಮುಂದೆ ಹಿಡಿದು ತಿಳಿಯಹೇಳಿದ ಮೇಲೆ, ನಮ್ಮಂಥ ಹಳಬರು ಆಟವೆಂದು ಉಪೇಕ್ಷಿಸುವ ವಿಷಯದಲ್ಲಿ ಸಾಹಿತ್ಯದ ಒಂದು ಪುರಾತನ ವಿವಾದವು ಹೊಸ ವೇಷದಿಂದ ನಿಂತಿರುವದು ಕಂಡುಬಂದಿತು. ಅದನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವು.

ಇಂಡೋನೇಷ್ಯಾ ದೇಶದ ಮಾಲೆಯೋ ಎಂಬ ಸಂಸ್ಥೆಯವರು 2017ರಲ್ಲಿ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ಎಂಬ ಒಂದು ಆಟವನ್ನು ಹೊರಗೆಡಹಿದರು. ಆಡುವವನು ಬಸ್ಸನ್ನು ನಡೆಯಿಸುತ್ತ ಊರೂರು ತಿರುಗುವದೇ ಅದರ ಸ್ವರೂಪವು. ಆಡುವವರು ತಾವೇ ರಚಿಸಿದ ವಾಹನಗಳನ್ನು ಆಟದೊಳಗೆ ಸೇರಿಸುವದಕ್ಕೆ ಸಂಸ್ಥೆಯವರು ದಾರಿಯನ್ನು ತೆರೆದಿಟ್ಟಿರುತ್ತಾರೆ. ಹೀಗೆ ಸೇರಿಸುವ ವಸ್ತುವಿಗೆ ಹುಡುಗರು 'ಮಾಡ್' ಎನ್ನುವರು; ನಾವು 'ಪೂರಣ'ವೆಂದು ಕರೆಯೋಣ. ಕೇರಳದವರು ತಮ್ಮ ಬಣ್ಣದ ಬಸ್ಸುಗಳನ್ನೂ ಕನ್ನಡದ ಹುಡುಗರು ನಮ್ಮ ಸಾರಿಗೆ ಸಂಸ್ಥೆಗಳ ಬಸ್ಸುಗಳನ್ನೂ ಈ ಪರದೇಶದ ಆಟದಲ್ಲಿ ಓಡಿಸುತ್ತಿರುವರು. ನಮ್ಮ ಮೊಮ್ಮಗನು ಮೂರು ತಿಂಗಳ ರಾತ್ರಿಗಳನ್ನು ವೆಚ್ಚ ಮಾಡಿ ಹುಬ್ಬಳ್ಳಿ–ಕುಂದಗೋಳ–ಗುಡಗೇರಿ ಎಂಬ ಕನ್ನಡ ಫಲಕದೊಡನೆ ಒಂದು ಬಸ್ಸನ್ನು ಸಿದ್ಧಪಡಿಸಿ, ಯಾರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದೆಂದು ಹಂಚಿದ್ದನಂತೆ. ಕೆಲವೇ ವಾರಗಳಲ್ಲಿ ಮತ್ತೊಬ್ಬನು ಅದನ್ನು ತೆಗೆದುಕೊಂಡು, ಮೂಲೆಯಲ್ಲಿದ್ದ ಹುಡುಗನ ಹೆಸರನ್ನು ಅಳಿಸಿ, ಕಡತಕ್ಕೊಂದು ಬೀಗವನ್ನು ಹಾಕಿ, ಆ ಬೀಗದ ಗುಪ್ತಪದವನ್ನು ತನ್ನ ಯೂಟ್ಯೂಬ್ ಚಿತ್ರದ ನಟ್ಟನಡುವೆ ಅಡಗಿಸಿಟ್ಟನು. ಬಸ್ಸು ಬೇಕೆಂಬವನು ಆ ಚಿತ್ರವನ್ನು ಪೂರ್ತಿ ನೋಡಲೇಬೇಕು. ನೋಡಿದಷ್ಟೂ ಜಾಹೀರಾತಿನ ಹಣವು ಅವನಿಗೆ ಸಲ್ಲುವದು.

ನಿಜ ಹೇಳುವದಾದರೆ ನಮ್ಮ ಮೊದಲನೆಯ ಉತ್ತರವು ಹುಡುಗನಿಗೆ ಹಿತವಾಗಲಿಲ್ಲ. "ಪುಕ್ಕಟೆ ಕೊಟ್ಟ ಮ್ಯಾಲೆ ಯಾರು ಹಂಚಿದರೇನು? ಹಂಚುವದು ಪುಣ್ಯದ ಕೆಲಸ" ಎಂದೆವು. ಪಾಠಶಾಲೆಯಲ್ಲಿ ಬೆಳೆದವರಿಗೆ ಹೀಗೆ ತೋರುವದು ಸ್ವಾಭಾವಿಕವು. ನಮ್ಮ ಪಕ್ಕದ ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಮನೆಯು ಇಲ್ಲದ ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಜನ ಲಿಪಿಕಾರರ ಬೆನ್ನು ಬಾಗಿರಬೇಕೆಂಬದನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದಕ್ಕಾಗಿ ಅವಳನ್ನು ಯಾರೂ ಕಳ್ಳಿ ಎನ್ನಲಿಲ್ಲ. ರನ್ನನು 993ರ ತನ್ನ ಅಜಿತಪುರಾಣದಲ್ಲಿ ಹಾಡಿ ಹೊಗಳಿದನು.

ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಅತ್ತಿಮಬ್ಬೆಯು ಹಂಚಿದ ಸಾವಿರ ಪ್ರತಿಗಳಲ್ಲಿಯೂ ಕವಿಯ ಹೆಸರು ಪೊನ್ನನದೇ ಆಗಿದ್ದಿತಲ್ಲವೆ? ಓಲೆಗರಿಯ ಕಟ್ಟುಗಳನ್ನು ಬಿಚ್ಚಿದವರೆಲ್ಲರಿಗೂ ತಿಳಿದ ಸಂಗತಿ ಒಂದುಂಟು. ಗ್ರಂಥವು ಮುಗಿದ ಮೇಲೆ ಕೊನೆಯ ಗರಿಯಲ್ಲಿ ಲಿಪಿಕಾರನು ತನ್ನದೊಂದು ಮಾತನ್ನು ಬರೆಯುವನು: ಸೊಂಟ, ಬೆನ್ನು, ಕೊರಳು ಮುರಿದು, ತಲೆ ತಗ್ಗಿಸಿ, ದೃಷ್ಟಿಯನ್ನು ಕೀಲಿಸಿ ಕಷ್ಟದಿಂದ ಬರೆದದ್ದು, ಜತನವಾಗಿ ಕಾಪಾಡಿರಿ ಎಂದು. ಅವನು ಕವಿಯಲ್ಲ, ಕೇವಲ ನಕಲುಗಾರನು. ಆದರೂ ತನ್ನ ಬೆನ್ನುನೋವಿಗಾಗಿ ನಾಲ್ಕು ಸಾಲುಗಳ ಸ್ಥಳವನ್ನು ಆತನು ಪಡೆದುಕೊಂಡನು. ಮುಂದಿನ ಲಿಪಿಕಾರರು ಅದನ್ನೂ ವಿನಯದಿಂದ ನಕಲು ಮಾಡಿದ್ದುಂಟು. ಅರ್ಥಾತ್ ಪ್ರತಿಮಾಡುವದೊಂದು, ಹೆಸರಳಿಸುವದು ಮತ್ತೊಂದು. ಈ ಎರಡನ್ನೂ ಕೂಡಿಸಿ ಹುಡುಗನಿಗೆ ಉತ್ತರ ಕೊಟ್ಟದ್ದು ನಮ್ಮ ತಪ್ಪು.

ಹುಡುಗನ ಕೆಲಸವು ಲಿಪಿಕಾರನ ಕೆಲಸವೂ ಅಲ್ಲ. ಬೇರೊಬ್ಬರು ಕಟ್ಟಿದ ಮನೆಗೆ ಇವನು ಒಂದು ಪಡಸಾಲೆಯನ್ನು ಸೇರಿಸಿದಂತಾಯಿತು. ಇದಕ್ಕೆ ನಮ್ಮಲ್ಲಿ ಒಳ್ಳೆಯ ಪೂರ್ವೋದಾಹರಣೆ ಇದೆ. ಗದುಗಿನ ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಮಾತ್ರ ಬರೆದನು. ಉಳಿದ ಎಂಟು ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ (1509–1529) ಆಶ್ರಯದಲ್ಲಿ ತಿಮ್ಮಣ್ಣಕವಿಯು ಅದೇ ಭಾಮಿನಿ ಷಟ್ಪದಿಯಲ್ಲಿ ಪೂರೈಸಿದನು. ಅದಕ್ಕೆ ಕೃಷ್ಣರಾಯ ಭಾರತವೆಂದು ಪ್ರತ್ಯೇಕ ಹೆಸರಾಯಿತು. ಪಾತ್ರಗಳು ಹಿಂದಿನವೇ, ಛಂದಸ್ಸು ಹಿಂದಿನದೇ, ಕಥೆ ವ್ಯಾಸರದೇ. ಆದರೂ ಎಲ್ಲಿ ಗದುಗಿನವನು ನಿಂತನು, ಎಲ್ಲಿ ತಿಮ್ಮಣ್ಣನು ತೊಡಗಿದನು ಎಂಬದು ಐದುನೂರು ವರ್ಷಗಳ ಮೇಲೂ ಮಸುಕಾಗಿಲ್ಲ. ಇದಕ್ಕೆ ವಿರುದ್ಧವಾದದ್ದು ಪ್ರಕ್ಷೇಪ. ಅಲ್ಲಿ ಸೇರಿಸಿದವನು ತನ್ನ ಪದ್ಯವನ್ನು ಹಿರಿಯ ಕವಿಯ ಹೆಸರಿನಲ್ಲಿ ನುಗ್ಗಿಸುವನು. ಕಳ್ಳನು ಪರರದನ್ನು ತನ್ನದೆನ್ನುವನು. ಪ್ರಕ್ಷೇಪಕನು ತನ್ನದನ್ನು ಪರರದೆನ್ನುವನು. ಸಂಶೋಧಕರಿಗೆ ಎರಡನೆಯವನ ಉಪದ್ರವವೇ ಹೆಚ್ಚು, ಪಾಪ!

ನಮ್ಮ ಊರಿನ ಶಾಸನವನ್ನೂ ಇಲ್ಲಿ ನೆನೆಯಬೇಕು. ಶಕ 998, ಅಂದರೆ ಕ್ರಿ.ಶ. 1076ರ ಗುಡಗೇರಿಯ ಜೈನ ಶಾಸನವನ್ನು ಫ್ಲೀಟರು 'ಇಂಡಿಯನ್ ಆಂಟಿಕ್ವರಿ'ಯ 18ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶ್ರೀನಂದಿಪಂಡಿತನೆಂಬ ಆಚಾರ್ಯನ ಕಾಲದ್ದು. ಪುರಿಗೆರೆಯ, ಎಂದರೆ ಈಗಿನ ಲಕ್ಷ್ಮೇಶ್ವರದ, ಆನೆಸೆಜ್ಜೆ ಬಸದಿಗೆ ಸೇರಿದ ಈ ಊರಿನ ಭೂಮಿಯ ವಿಷಯವು ಅದರಲ್ಲಿದೆ. ಆ ಬಸದಿಯನ್ನು ಮಾಡಿಸಿದವಳು ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮಮಹಾದೇವಿ ಎಂದು ಶಾಸನವು ಸ್ಮರಿಸುತ್ತದೆ. ವಿಜಯಾದಿತ್ಯನು ಬಾದಾಮಿಯಲ್ಲಿ ಆಳಿದ್ದು ಎಂಟನೆಯ ಶತಮಾನದ ಆರಂಭದಲ್ಲಿ. ಮುನ್ನೂರೈವತ್ತು ವರ್ಷಗಳು ಸಂದು, ಬಾದಾಮಿಯ ವಂಶವು ಅಳಿದು, ರಾಷ್ಟ್ರಕೂಟರು ಬಂದು ಹೋಗಿ, ಕಲ್ಯಾಣದವರು ಆಳುತ್ತಿದ್ದಾಗಲೂ, ಕೊಟ್ಟವಳ ಹೆಸರನ್ನು ಕಲ್ಲು ಕಡೆದವರು ಬಿಡಲಿಲ್ಲ. ಸಾಮಾನ್ಯವಾಗಿ ದಾನಶಾಸನಗಳ ಕೊನೆಗೆ ಬರುವ ಶಾಪವನ್ನು ವಾಚಕರು ಬಲ್ಲರು. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳವಾಗುವನಂತೆ. 'ಕೊಟ್ಟ ಮೇಲೆ ನನ್ನದೇನು' ಎಂಬ ವಾದವನ್ನು ನಮ್ಮ ಹಿರಿಯರು ಒಪ್ಪಿದ್ದಿಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಏಕೆ? ದಾನವು ನಿಬಂಧನೆಯೊಡನೆಯೇ ಇರುತ್ತಿದ್ದಿತು.

ಇನ್ನು ಆಟಗಳ ಇತಿಹಾಸಕ್ಕೆ ಬರೋಣ. ಅಮೇರಿಕೆಯ ಇಡ್ ಸಾಫ್ಟ್‌ವೇರ್ ಸಂಸ್ಥೆಯವರು 1993ರಲ್ಲಿ ಹೊರತಂದ 'ಡೂಮ್' ಎಂಬ ಆಟದಲ್ಲಿ ಹಂತಗಳ ವಿವರವನ್ನು ಯಂತ್ರದ ಮುಖ್ಯ ಕ್ರಮದಿಂದ ಬೇರೆಯಾದ ಕಡತದಲ್ಲಿ ಇಟ್ಟಿದ್ದರು. ಆದ್ದರಿಂದ ಆಡುವವರು ತಮ್ಮ ಹಂತಗಳನ್ನು ರಚಿಸಿ ಸೇರಿಸುವದು ಸುಲಭವಾಯಿತು. ಸಾವಿರಾರು ಜನ ವಿದ್ಯಾರ್ಥಿಗಳು ಹಗಲಿರುಳು ದುಡಿದು ಹಂತಗಳನ್ನು ಪುಕ್ಕಟೆ ಹಂಚಿದರು. ಪುಕ್ಕಟೆ ಸಿಕ್ಕುವ ಮಾಲಿಗೆ ವ್ಯಾಪಾರಿಯು ತಡಮಾಡುವನೆ? ಈ ಹಂತಗಳನ್ನು ನೂರಾರು ಸಂಖ್ಯೆಯಲ್ಲಿ ಬಾಚಿ, ಸಿ.ಡಿ.ಗಳಲ್ಲಿ ತುಂಬಿ, ಅಂಗಡಿಗಳಲ್ಲಿ ಮಾರುವವರು ಕೂಡಲೇ ಹುಟ್ಟಿಕೊಂಡರು.

ಇವುಗಳಲ್ಲಿ ಒಂದು ವ್ಯವಹಾರವು ನ್ಯಾಯಾಲಯವನ್ನು ಮುಟ್ಟಿತು. 1996ರ 'ಡ್ಯೂಕ್ ನ್ಯೂಕೆಮ್ 3ಡಿ' ಎಂಬ ಆಟದೊಡನೆ, ಹಂತಗಳನ್ನು ರಚಿಸುವ ಒಂದು ಉಪಕರಣವನ್ನೂ ಕೊಟ್ಟಿದ್ದರು. ನಿಬಂಧನೆ ಒಂದೇ: ಆಡುವವರು ರಚಿಸಿದ ಹೊಸ ಹಂತಗಳನ್ನು ಇತರರಿಗೆ ಪುಕ್ಕಟೆಯಾಗಿಯೇ ಕೊಡತಕ್ಕದ್ದು. ಮೈಕ್ರೋ ಸ್ಟಾರ್ ಎಂಬ ಕಂಪನಿಯು ಅಂತರ್ಜಾಲದಿಂದ ಇಂಥ 300 ಹಂತಗಳನ್ನು ಇಳಿಸಿಕೊಂಡು 'ನ್ಯೂಕ್ ಇಟ್' ಎಂಬ ಹೆಸರಿನಿಂದ ಮಾರಿತು. ಆಟದ ಹಕ್ಕುದಾರರಾದ ಫಾರ್ಮ್‌ಜೆನ್‌ರವರ ಮೇಲೆ ಮೈಕ್ರೋ ಸ್ಟಾರಿನವರೇ ದಾವೆಗೆ ಹೋಗಿ, 'ನಾವು ನಿಮ್ಮ ಚಿತ್ರಗಳನ್ನು ಮಾರಿಲ್ಲ; ಈ ಕಡತಗಳು ಯಾವ ಚಿತ್ರವನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತವೆ ಅಷ್ಟೇ' ಎಂದು ವಾದಿಸಿದರು. ಕೆಳಗಿನ ನ್ಯಾಯಾಲಯವು ಬಹುಮಟ್ಟಿಗೆ ಇದನ್ನು ಒಪ್ಪಿತು. ಆದರೆ 1998ರಲ್ಲಿ ಮೇಲ್ಮನವಿಯ ನ್ಯಾಯಾಲಯದ ನ್ಯಾಯಾಧೀಶ ಕೊಜಿನ್ಸ್ಕಿಯವರು, ಈ ಹಂತಗಳು ಡ್ಯೂಕನ ಕಥೆಯ ಮುಂದಿನ ಭಾಗಗಳೇ ಆದ್ದರಿಂದ ಮೂಲ ಹಕ್ಕುದಾರರ ಅನುಮತಿಯಿಲ್ಲದೆ ಮಾರಲಾಗದೆಂದು ತೀರ್ಪನ್ನು ತಿರುಗಿಸಿದರು. ತಿಮ್ಮಣ್ಣಕವಿಯ ಪರ್ವಗಳನ್ನು ಬಲ್ಲ ನಮಗೆ ಈ ತರ್ಕವು ಸುಲಭವಾಗಿ ಅರ್ಥವಾಗುವದು.

ಆದರೆ ಈ ತೀರ್ಪನ್ನು ತಿಳಿದಾಗ ನಮ್ಮ ಮನಸ್ಸನ್ನು ಚುಚ್ಚಿದ ಸಂಗತಿಯು ಬೇರೆ. ಆ 300 ಹಂತಗಳನ್ನು ಕಣ್ಣು ಕೆಂಪಾಗಿಸಿಕೊಂಡು ರಚಿಸಿದ ಜನರು ಈ ಮೊಕದ್ದಮೆಯಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ. ಎರಡು ಕಂಪನಿಗಳು ಹೊಲದ ಬದುವಿಗಾಗಿ ಕಾದಾಡಿದವು. ಉತ್ತವರನ್ನು ಯಾರೂ ಕರೆಯಿಸಲಿಲ್ಲ. ನಮ್ಮ ಮೊಮ್ಮಗನ ಸ್ಥಿತಿಯೂ ಇದೇ. ಬಸ್ಸಿನ ಚಿಹ್ನೆಯು ಸಾರಿಗೆ ಸಂಸ್ಥೆಯದು, ಆಟವು ಇಂಡೋನೇಷ್ಯಾದವರದು, ಹಣವು ಚಿತ್ರ ಹಾಕಿದವನದು. ಅವನದು ನಿದ್ದೆಗೇಡು ಮಾತ್ರ.

ಹಣದ ಸಂಗಡ ಈ ಕೆಲಸವನ್ನು ಗಂಟುಹಾಕುವ ಪ್ರಯತ್ನವೂ ಆಯಿತು. 2015ರ ಏಪ್ರಿಲದಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಎಂಬ ಸಂಸ್ಥೆಗಳು 'ಸ್ಕೈರಿಮ್' ಆಟದ ಪೂರಣಗಳನ್ನು ಬೆಲೆಗೆ ಮಾರುವ ಏರ್ಪಾಡು ಮಾಡಿದವು. ರಚಿಸಿದವನಿಗೆ ನೂರಕ್ಕೆ 25 ಭಾಗ. ಮೊದಲಿಗೇ ಮಾರಾಟಕ್ಕೆ ಬಂದ ಮೀನು ಹಿಡಿಯುವ ಒಂದು ಪೂರಣದಲ್ಲಿ ಮತ್ತೊಬ್ಬನ ಕೆಲಸವು ಅನುಮತಿಯಿಲ್ಲದೆ ಸೇರಿದೆಯೆಂದು ಜಗಳವೆದ್ದು ಅದನ್ನು ಹಿಂತೆಗೆಯಬೇಕಾಯಿತು. ನಾಲ್ಕೈದು ದಿನಗಳಲ್ಲಿ ಏರ್ಪಾಡೇ ಮುರಿಯಿತು.

ಕನ್ನಡದಲ್ಲಿಯೇ ಇದಕ್ಕೆ ಸಮೀಪದ ಇತಿಹಾಸವಿದೆ. ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡಕ್ಕಾಗಿ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಯಾವ ಹಕ್ಕನ್ನೂ ಸಾಧಿಸದೆ ಲೋಕಕ್ಕೆ ಬಿಟ್ಟುಕೊಟ್ಟರು. ಸರಕಾರವು ಅದನ್ನೇ ಆಧಾರವಾಗಿಟ್ಟುಕೊಂಡಿತು. ಇಂದು ನುಡಿಯಲ್ಲಿ ಬೆರಳಾಡಿಸುವ ತಲಾಠಿಗಳೆಷ್ಟು ಜನರಿಗೆ ಅವರ ಹೆಸರು ಗೊತ್ತು? ಶೇಷಾದ್ರಿವಾಸು ಚಂದ್ರಶೇಖರನ್ನರು 1998ರಲ್ಲಿ 'ಬರಹ' ಎಂಬ ತಂತ್ರಾಂಶವನ್ನು ಸ್ವಂತ ಪರಿಶ್ರಮದಿಂದ ರಚಿಸಿ ವರ್ಷಾನುಗಟ್ಟಲೆ ಪುಕ್ಕಟೆ ಹಂಚಿದರು. ತದನಂತರ ಕನ್ನಡ ಗಣಕ ಪರಿಷತ್ತಿನವರು ಸರಕಾರದ ಆಶ್ರಯದಲ್ಲಿ 'ನುಡಿ'ಯನ್ನು ಹೊರತಂದಾಗ, ಅದು ತಮ್ಮ ಕೆಲಸದ ಅನುಕರಣವೆಂದು ಬರಹದ ಕರ್ತೃಗಳು ಬಹಿರಂಗವಾಗಿ ಆಕ್ಷೇಪಿಸಿದರು. ಆ ವಿವಾದದ ಸತ್ಯಾಸತ್ಯವನ್ನು ನಿರ್ಣಯಿಸುವ ಅಧಿಕಾರವು ವ್ಯಾಕರಣದ ಮಾಸ್ತರನಿಗೆ ಇಲ್ಲ. ಇಷ್ಟನ್ನು ಮಾತ್ರ ಗಮನಿಸಬಹುದು: ಆಕ್ಷೇಪವಿದ್ದದ್ದು ಹಣಕ್ಕಾಗಿ ಅಲ್ಲ, ಎರಡೂ ಪುಕ್ಕಟೆಯೇ ಆಗಿದ್ದವು. ಮುಂದೆ ಬರಹಕ್ಕೆ ಬೆಲೆಯು ಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧವಾದ ಕೇದಗೆ, ಮಲ್ಲಿಗೆ ಎಂಬ ಅಕ್ಷರರೂಪಗಳ ದಾರಿ ಬೇರೆ. ಯಾರೂ ಹಂಚಬಹುದು, ತಿದ್ದಬಹುದು. ಹಂಚುವಾಗ ಅದೇ ನಿಬಂಧನೆಯನ್ನು ಜೊತೆಗೆ ಹಂಚಬೇಕು. ತಾಮ್ರಪಟಗಳ ಭಾಷೆಯಲ್ಲಿ ಹೇಳುವದಾದರೆ, ಇಲ್ಲಿ ದಾನಕ್ಕಿಂತ ಪಾಲನೆಗೆ ಹೆಚ್ಚಿನ ಸ್ಥಾನವು.

ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ, 1984ರ ತಿದ್ದುಪಡಿಯಿಂದ ಗಣಕದ ಕ್ರಮಗಳೂ ಸಾಹಿತ್ಯಕೃತಿಗಳೆಂದೇ ಎಣಿಸಲ್ಪಟ್ಟಿವೆ. ಅದರ 57ನೆಯ ಕಲಮು ಬಹು ಸ್ವಾರಸ್ಯದ್ದು. ಕೃತಿಯ ಹಕ್ಕನ್ನು ಮಾರಿಬಿಟ್ಟ ಮೇಲೆಯೂ, ಇದು ನಾನು ಮಾಡಿದ್ದೆಂದು ಹೇಳಿಕೊಳ್ಳುವ ಅಧಿಕಾರವು ಕರ್ತೃವಿನಲ್ಲಿ ಉಳಿಯುವದು. ಪ್ರಸ್ತುತ ಲೇಖಕನು ಒಂದು ಕಾಲಕ್ಕೆ ವಿದ್ಯಾರ್ಥಿಗಳಿಗಾಗಿ ಸಂಧಿ–ಸಮಾಸಗಳ ಟಿಪ್ಪಣಿಯನ್ನು ಬರೆದು ಕಲ್ಲಚ್ಚಿನಂತೆ ಕೈಪ್ರತಿ ಮಾಡಿಸಿ ಹಂಚಿದ್ದುಂಟು. ಕೆಲವು ವರ್ಷಗಳ ಮೇಲೆ ಅದು, ನಾವು ಮಾಡಿದ ಎರಡು ತಪ್ಪುಗಳ ಸಹಿತವಾಗಿ, ಒಂದು ಮಾರ್ಗದರ್ಶಿಕೆಯಲ್ಲಿ ಮತ್ತೊಬ್ಬರ ಹೆಸರಿನಿಂದ ಅಚ್ಚಾಗಿ ಬಂದಿತು. ಆಗ ಈ ಕಲಮು ಗೊತ್ತಿರಲಿಲ್ಲ. ಗೊತ್ತಿದ್ದರೂ ತಪ್ಪುಗಳ ಒಡೆತನವನ್ನು ಸಾಧಿಸಲು ಹೋಗುತ್ತಿದ್ದೆವೋ ಇಲ್ಲವೋ.

ಇಷ್ಟನ್ನೆಲ್ಲ ಹುಡುಗನಿಗೆ ಎರಡು ಮೂರು ಸಂಜೆ ಹೇಳಿದೆವು. ತಿಮ್ಮಣ್ಣಕವಿಯ ಸಂಗತಿ ಬಂದಾಗ ಅವನು ತಲೆ ತಗ್ಗಿಸಿದನು. "ಯಾಕಪಾ?" ಎಂದು ಕೇಳಿದರೆ ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಾ, ಬಣ್ಣಾ, ಬೋರ್ಡು, ಒಳಗಿನ ಸೀಟು ಎಲ್ಲಾ ನಂದು. ಆದರ ಬಸ್ಸಿನ ಬಾಡಿ ಇಂಡೋನೇಷ್ಯಾದವಂದು" ಎಂದನು. ಅಲ್ಲಿಯ ಯಾವನೋ ತರುಣನು ಬಸ್ಸಿನ ಅಸ್ಥಿಪಂಜರವನ್ನು ರಚಿಸಿ, ಹೆಸರು ತೆಗೆಯದೆ ಉಪಯೋಗಿಸಿರೆಂದು ಬರೆದಿದ್ದನು. ಇವನು ಫಲಕದ ಕನ್ನಡವನ್ನು ತಿದ್ದುವ ಭರದಲ್ಲಿ ಆ ಹೆಸರನ್ನು ಬಿಟ್ಟಿದ್ದನು. ಬಿಟ್ಟದ್ದು ಮರೆವಿನಿಂದಲೋ ಬೇಕೆಂದೋ ಎಂದು ನಾವು ಕೇಳಲಿಲ್ಲ; ಅವನೂ ಹೇಳಲಿಲ್ಲ.

ಮರುದಿನ ಅವನು ಆ ತರುಣನಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದನು. ವಾರದ ಮೇಲೆ ಉತ್ತರವು ಬಂದಿತು: ಒಂದು ನಗೆಮೊಗದ ಚಿತ್ರ, ಮತ್ತು ಫಲಕದ ಮೇಲಿನ ಅಕ್ಷರಗಳು ಯಾವ ಭಾಷೆಯವು ಎಂಬ ಪ್ರಶ್ನೆ. ಈಗ ಬಸ್ಸಿನ ಹೊಸ ಪ್ರತಿಯಲ್ಲಿ ಹಿಂದಿನ ಗಾಜಿನ ಕೆಳಗೆ ಎರಡು ಹೆಸರುಗಳಿರುತ್ತವೆ, ಮೊದಲನೆಯದು ಅವನದು. ಬೀಗ ಹಾಕಿದವನ ಪ್ರತಿಯೂ ಅಲ್ಲಿಯೇ ಇದೆ. ಮೊನ್ನೆ ನೋಡಿದಾಗ ಅದನ್ನು ನೋಡಿದವರ ಸಂಖ್ಯೆಯು ನಮ್ಮ ಹುಡುಗನದಕ್ಕಿಂತ ಬಹಳ ಮುಂದಿದ್ದಿತು.