ಮದುವೆಗೆ ಅಡ್ಡಬಂದ ಕರಿಮಳೆ

ಹೆಣ್ಣು ನೋಡಲು ಬರುವ ಮುನ್ನ ಹುಡುಗಿಯ ಬಗ್ಗೆ ಅಕ್ಕಪಕ್ಕದವರಲ್ಲಿ ಮೆಲ್ಲಗೆ ವಿಚಾರಿಸುವ ರೂಢಿ ಜಯನಗರ, ಬನಶಂಕರಿಯ ಮನೆಗಳಿಗೆ ಹೊಸದಲ್ಲ. ಮನೆತನ ಹೇಗೆ, ಹುಡುಗಿಗೆ ಕಾಯಿಲೆ ಕಸಾಲೆ ಏನಾದರೂ ಇದೆಯೇ? ಪಕ್ಕದ ಮನೆಯವರ ಉತ್ತರದ ಮೇಲೆ ಎಷ್ಟೋ ಸಂಬಂಧಗಳು ನಿಂತಿರುತ್ತವೆ. ಅಣುಬಾಂಬಿನ ಬಗ್ಗೆ ಬಂದ ಬಹುಮುಖ್ಯ ಕಾದಂಬರಿಯೊಂದು ಶುರುವಾಗುವುದೂ ಇಂಥದೇ ವಿಚಾರಣೆಯಿಂದ.

ಜಪಾನಿನ ಮಸುಜಿ ಇಬುಸೆ (1898-1993) ಬರೆದ 'ಕುರೋಯಿ ಅಮೆ', ಅಂದರೆ 'ಕರಿಮಳೆ', 1965ರ ಜನವರಿಯಿಂದ 1966ರ ಸೆಪ್ಟೆಂಬರ್‌ವರೆಗೆ 'ಶಿಂಚೊ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮೊದಲು ಅದಕ್ಕಿದ್ದ ಹೆಸರು 'ಸೋದರ ಸೊಸೆಯ ಮದುವೆ'. ಹೆಸರು ಬದಲಾದರೂ ಕಥೆಯ ಜೀವ ಈ ಹಳೆಯ ಹೆಸರಿನಲ್ಲೇ ಇದೆ.

ಕೊಬತಾಕೆ ಎಂಬ ಹಳ್ಳಿಯ ಶಿಗೆಮಾತ್ಸು ಹಿರೋಷಿಮಾದಲ್ಲಿ ಬದುಕುಳಿದು ಊರಿಗೆ ಮರಳಿದವನು. ಅವನ ಚಿಂತೆಯೆಲ್ಲ ಯಾಸುಕೊಳದ್ದು. ಬಾಂಬು ಬಿದ್ದ ದಿನ ಅವಳು ನಗರದಲ್ಲೇ ಕೆಲಸದಲ್ಲಿದ್ದಳೆಂಬ ಸುಳ್ಳು ಸುದ್ದಿ ಹಬ್ಬಿ, ಬಂದ ಸಂಬಂಧಗಳೆಲ್ಲ ತಪ್ಪುತ್ತವೆ. ಹೊಸ ಸಂಬಂಧ ಬಂದಾಗ ಅವನು ವೈದ್ಯರ ಆರೋಗ್ಯ ಪ್ರಮಾಣಪತ್ರವನ್ನೇ ಕಳಿಸುತ್ತಾನೆ. ಕೇಳದೆ ಕೊಟ್ಟ ಪತ್ರ ಅನುಮಾನವನ್ನು ಇನ್ನಷ್ಟು ಬೆಳೆಸುತ್ತದೆ!

ಕೊನೆಗೆ ಅವಳ ಅಂದಿನ ದಿನಚರಿಯನ್ನೇ ಪ್ರತಿ ಮಾಡಿ ಕೊಡಲು ಕೂರುತ್ತಾನೆ. 1945ರ ಆಗಸ್ಟ್ 6ರ ಬೆಳಗ್ಗೆ ಯಾಸುಕೊ ಸ್ಫೋಟದ ಸ್ಥಳದಿಂದ ದೂರವಿದ್ದದ್ದು ನಿಜ. ಆದರೆ ನಗರದತ್ತ ಬರುವಾಗ ಅವಳ ಮೇಲೆ ಕರಿಮಳೆ ಸುರಿದಿತ್ತು. ಮಸಿ, ಬೂದಿಯೊಂದಿಗೆ ವಿಕಿರಣದ ಧೂಳನ್ನೂ ಹೊತ್ತು ಬಿದ್ದ ಹನಿಗಳವು. ಕಲೆ ಸೋಪಿಗೂ ಹೋಗಲಿಲ್ಲ. ಈ ಭಾಗ ಬಿಟ್ಟುಬಿಡಿ ಎಂಬುದು ಹೆಂಡತಿ ಶಿಗೆಕೊಳ ಸಲಹೆ. ಬರೆದರೆ ಮದುವೆ ಮುರಿಯುತ್ತದೆ, ಬಿಟ್ಟರೆ ಮೋಸ. ಲಕ್ಷಾಂತರ ಜನರ ದುರಂತವನ್ನು ಇಬುಸೆ ಒಂದು ಮನೆಯ ಇಷ್ಟು ಸಣ್ಣ ಇಕ್ಕಟ್ಟಿಗೆ ಇಳಿಸಿದ್ದಾರೆ. ಕಾದಂಬರಿಯ ಶಕ್ತಿ ಇರುವುದು ಅಲ್ಲಿ.

ಸ್ಫೋಟಕ್ಕೆ ಹತ್ತಿರವಿದ್ದ ತಾನೇ ಬದುಕಿರುವಾಗ ಅವಳಿಗೇನು ಭಯ ಎಂದು ತೋರಿಸಲು ಶಿಗೆಮಾತ್ಸು ತನ್ನ ದಿನಚರಿಯನ್ನೂ ಬರೆಯತೊಡಗುತ್ತಾನೆ. ಉರಿದ ಬೀದಿ, ಗುರುತು ಸಿಗದ ಹೆಣಗಳು ಓದುಗರಿಗೆ ಕಾಣುವುದು ಆ ಪುಟಗಳಲ್ಲಿ. ಪುರೋಹಿತರು ಸಿಗದೆ, ಕಾರ್ಖಾನೆಯ ಮ್ಯಾನೇಜರ್ ಹೇಳಿದನೆಂದು ಅವನೇ ಬೌದ್ಧ ಸೂತ್ರಗಳನ್ನು ಬರೆದುಕೊಂಡು ಬಂದು ಶವಗಳ ಮುಂದೆ ಓದುತ್ತಾನೆ. ಯುದ್ಧಕಾಲದಲ್ಲಿ ಜನ ಏನು ತಿನ್ನುತ್ತಿದ್ದರೆಂಬ ಶಿಗೆಕೊಳ ಬರಹವೂ ನಡುವೆ ಬರುತ್ತದೆ. ಹೆಚ್ಚು ದುಡಿಯಬೇಡಿ ಎಂಬ ವೈದ್ಯರ ಮಾತಿನಂತೆ ಅವನೂ ಇಬ್ಬರು ಗೆಳೆಯರೂ ಮೀನು ಹಿಡಿಯುತ್ತ ಕೂತರೆ ಊರವರಿಗೆ ಅವರು ಸೋಮಾರಿಗಳಂತೆ ಕಾಣುತ್ತಾರೆ. ಅದಕ್ಕೇ ಕೆರೆಯಲ್ಲಿ ಮೀನುಮರಿ ಸಾಕುತ್ತಾರೆ. ಸಾಕಿದರೆ ಅದು ಕೆಲಸವಷ್ಟೆ!

ಯಾಸುಕೊ ಮಾತ್ರ ರೋಗದ ಲಕ್ಷಣಗಳನ್ನು ನಾಚಿಕೆಯಿಂದ ಮುಚ್ಚಿಟ್ಟಿರುತ್ತಾಳೆ. ಬಯಲಾದಾಗ ಮದುವೆ ನಿಲ್ಲುತ್ತದೆ.

ನೆವಿಲ್ ಷೂಟ್‌ನ 'ಆನ್ ದಿ ಬೀಚ್' (1957) ಅಣುಯುದ್ಧದ ನಂತರದ ಸಾವಿಗಾಗಿ ಮೆಲ್ಬೋರ್ನ್‌ನಲ್ಲಿ ಕಾಯುವವರನ್ನು ಕಲ್ಪಿಸಿತು. ಇಬುಸೆ ಕಲ್ಪಿಸಬೇಕಾದದ್ದು ಕಡಿಮೆ. ಹಿರೋಷಿಮಾ ಪ್ರಾಂತ್ಯದಲ್ಲೇ ಹುಟ್ಟಿದ ಅವರಿಗೆ ಶಿಗೆಮಾತ್ಸು ಶಿಜುಮಾ ಎಂಬ ಸಂತ್ರಸ್ತರ ನಿಜವಾದ ದಿನಚರಿ ಸಿಕ್ಕಿತ್ತು. ಅದೇ ಹೆಸರನ್ನು ಹಿಂದುಮುಂದಾಗಿಸಿ ನಾಯಕನಿಗಿಟ್ಟರು. ಬನಶಂಕರಿಯ ಸುಚಿತ್ರಾದಂಥ ಕಡೆ ವಿದೇಶಿ ಚಿತ್ರ ನೋಡುವವರಿಗೆ ಷೊಹೆಯ್ ಇಮಾಮುರ 1989ರಲ್ಲಿ ಕಪ್ಪುಬಿಳುಪಿನಲ್ಲಿ ತೆಗೆದ ಇದೇ ಹೆಸರಿನ ಚಿತ್ರದ ಪರಿಚಯವಿರಬಹುದು.

ಮಳೆಯ ಲೆಕ್ಕ ಕಾದಂಬರಿಯೊಂದಿಗೆ ಮುಗಿಯಲಿಲ್ಲ. ಕರಿಮಳೆ ಜೋರಾಗಿ ಬಿದ್ದಿತೆಂದು ಸರ್ಕಾರ ಗುರುತಿಸಿದ್ದ ಪ್ರದೇಶದ ಹೊರಗೆ ನೆನೆದವರು ತಮ್ಮನ್ನೂ ಬಾಂಬಿನ ಸಂತ್ರಸ್ತರೆಂದು ಒಪ್ಪಿ ಎಂದು ಕೋರ್ಟಿಗೆ ಹೋದರು. 2021ರ ಜುಲೈ 14ರಂದು ಹಿರೋಷಿಮಾ ಹೈಕೋರ್ಟ್ 84 ಅರ್ಜಿದಾರರ ಪರವಾಗಿ ತೀರ್ಪು ನೀಡಿತು. ಸರ್ಕಾರ ಮೇಲ್ಮನವಿ ಸಲ್ಲಿಸಲಿಲ್ಲ.